ಚಲಿಸುವ ಮನೆಗೆ ಹಗುರವಾದ ಅಡುಗೆಕಟ್ಟೆ

ವ್ಯಾನನ್ನೇ ಮನೆಯಾಗಿಸಿಕೊಂಡು ಪ್ರವಾಸಗೈಯುವ ಕುಟುಂಬಗಳು, ಅದರಲ್ಲಿಯೂ ಕಲ್ಲಿನ ಅಡುಗೆಕಟ್ಟೆಯನ್ನು ಬಯಸುವುದು ಸಹಜ. ಆದರೆ ನಾಲ್ಕಡಿ ಉದ್ದ, ಎರಡಡಿ ಅಗಲ, 20 ಮಿ.ಮೀ. ದಪ್ಪದ ಗ್ರಾನೈಟ್ ಹಾಸು ಸುಮಾರು 40 ಕಿಲೋ ತೂಗುತ್ತದೆ. ಅದೇ ಉದ್ದಗಲದ 12 ಮಿ.ಮೀ. ಪ್ಲೈವುಡ್ ಹಲಗೆಯ ತೂಕ, ಮೇಲ್ಹೊದಿಕೆಯ ಲ್ಯಾಮಿನೇಟ್ ಸೇರಿ, ಸುಮಾರು 7 ಕಿಲೋ ಮಾತ್ರ. ವಾಹನದ ಭಾರ ಹೆಚ್ಚಿದಷ್ಟೂ ಘಾಟಿಯ ಇಳಿಜಾರಿನಲ್ಲಿ ಬ್ರೇಕುಗಳ ಮೇಲೆ ಒತ್ತಡ ಅಧಿಕ. ಹೆಂಡತಿ-ಮಕ್ಕಳ ಪ್ರಾಣ ಅವುಗಳನ್ನೇ ನೆಚ್ಚಿರುತ್ತದೆ. ಅಲ್ಲದೆ ರಸ್ತೆಯ ಕುಲುಕಾಟಕ್ಕೆ ಕಲ್ಲು ಬಿರುಕುಬಿಡಲೂಬಹುದು.

ಆದುದರಿಂದ ಐ.ಎಸ್. 710 ಗುರುತಿನ, ನೀರು ತಾಳುವ ಪ್ಲೈವುಡ್ಡನ್ನೇ ಆರಿಸಿಕೊಳ್ಳಬೇಕು. ಅಂಚುಗಳಿಗೂ ಸಿಂಕಿಗಾಗಿ ಕೊರೆದ ಭಾಗಕ್ಕೂ ವಾರ್ನಿಷ್ ಬಳಿಯದಿದ್ದರೆ ತೇವ ಒಳಸೇರಿ ಹಲಗೆ ಉಬ್ಬುತ್ತದೆ. ಒಲೆಯ ಕೆಳಗೂ ಹಿಂದೆಯೂ ಉಕ್ಕಿನ ತಗಡಿರಲಿ. ಬಿಸಿ ಪಾತ್ರೆಯನ್ನು ಸಿಂಬಿಯ ಮೇಲೆಯೇ ಇಳಿಸುವ ನಮ್ಮ ತಾಯಂದಿರ ರೂಢಿ ಇಲ್ಲಿಯೂ ಮುಂದುವರಿಯಲಿ.