ಬಿದ್ದ ಮನೆಯನ್ನು ಮತ್ತೆ ಕಟ್ಟುವ ನಿಯಮಗಳು

'ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು' ಎಂದು ನಮ್ಮ ಹಿರಿಯರು ಅನುಭವದಿಂದಲೇ ಹೇಳಿದ್ದಾರೆ. ಆದರೆ ಬಿದ್ದ ಮನೆಯನ್ನು ಎರಡನೆಯ ಸಲ ಕಟ್ಟುವದು ಇವೆರಡಕ್ಕಿಂತಲೂ ಕಠಿಣವಾದದ್ದು. ಮೊದಲನೆಯ ಸಲ ಹಣ ಮತ್ತು ಶ್ರಮ ಇದ್ದರೆ ಸಾಕಾಗುತ್ತಿತ್ತು. ಎರಡನೆಯ ಸಲ, ಬಿದ್ದ ಮನೆ ತನ್ನದೇ ಆಗಿತ್ತೆಂಬುದನ್ನು ಮೊದಲು ತೋರಿಸಬೇಕಾಗುವದು. ಈ ವಿಷಯವನ್ನು ನಮ್ಮ ನರಗುಂದ ತಾಲೂಕಿನ ಕೊಣ್ಣೂರಿನ ನಿದರ್ಶನದಿಂದ ವಾಚಕರ ಮುಂದೆ ಇಡಲು ಇಲ್ಲಿ ಪ್ರಯತ್ನಿಸಲಾಗಿದೆ.

ಖಾನಾಪುರ ತಾಲೂಕಿನ ಕಣಕುಂಬಿಯಲ್ಲಿ ಹುಟ್ಟುವ ಮಲಪ್ರಭೆಯು ಸವದತ್ತಿ ತಾಲೂಕಿನ ನವಿಲುತೀರ್ಥದ ಜಲಾಶಯವನ್ನು ದಾಟಿ ಕೊಣ್ಣೂರಿನ ಕಡೆಗೆ ಬರುತ್ತಾಳೆ. ಆ ಜಲಾಶಯ ಹಿಡಿಯುವದು ಸುಮಾರು 37 ಟಿ.ಎಂ.ಸಿ. ನೀರನ್ನು. ಅದು ತುಂಬಿದ ಮೇಲೂ ಘಟ್ಟದಲ್ಲಿ ಮಳೆ ನಿಲ್ಲದಿದ್ದರೆ ಬಂದ ನೀರನ್ನೆಲ್ಲ ಹೊಳೆಗೆ ಬಿಡದೆ ಗತ್ಯಂತರವಿಲ್ಲ. 2009 ರಲ್ಲಿಯೂ 2019 ರ ಆಗಸ್ಟಿನಲ್ಲಿಯೂ ಹೊಳೆದಂಡೆಯ ಊರುಗಳು ಮುಳುಗಿದವು. 2019 ರಲ್ಲಿ ಕೊಣ್ಣೂರು ಜಲಾವೃತವಾಗಿ ಹುಬ್ಬಳ್ಳಿ–ಸೊಲ್ಲಾಪುರ ಹೆದ್ದಾರಿಯೇ ಬಂದಾಯಿತು.

ನಮ್ಮ ಕಡೆಯ ಹಳೆಯ ಮನೆಗಳು ಮಣ್ಣಿನ ಗೋಡೆಯವು, ಮೇಲ್ಮುದ್ದೆಯವು. ಇಂಥ ಮನೆಯ ಸ್ವಭಾವವೇ ವಿಚಿತ್ರ. ಹೊಳೆ ಏರಿದಾಗ ಅದು ನಿಂತಿರುವದು. ನೀರು ಇಳಿದು ಗೋಡೆ ಆರತೊಡಗಿದಾಗ ಬಿರಿದು ಬೀಳುವದು. ಬುಡ ಕರಗಿದ ಗೋಡೆಗೆ ಮೇಲ್ಮುದ್ದೆಯ ಭಾರವನ್ನು ಹೊರಲಾಗುವದಿಲ್ಲ. ಆದುದರಿಂದ ಪಂಚನಾಮೆಯ ದಿನ 'ಅಲ್ಪ ಹಾನಿ' ಎಂದು ಬರೆದುಕೊಂಡ ಮನೆ ಹದಿನೈದು ದಿನಗಳಲ್ಲಿ ನೆಲಸಮವಾಗಬಹುದು. ಹಾಗಾದಾಗ ಮರುಪರಿಶೀಲನೆಗಾಗಿ ತಡಮಾಡದೆ ತಹಶೀಲ್ದಾರರಿಗೆ ಲಿಖಿತ ಅರ್ಜಿಯನ್ನು ಕೊಡಬೇಕು.

ಈ ಪಂಚನಾಮೆಗೆ ಇಷ್ಟೊಂದು ಮಹತ್ವವೇಕೆ? ಪರಿಹಾರದ ಮೊತ್ತವೆಲ್ಲ ಅದರ ಮೇಲೆ ನಿಂತಿದೆ. 2019 ರ ನೆರೆಯ ತರುವಾಯ ರಾಜ್ಯ ಸರಕಾರವು ಹಾನಿಯನ್ನು ಮೂರು ವರ್ಗ ಮಾಡಿತು. ಶೇಕಡಾ 75 ಕ್ಕೂ ಹೆಚ್ಚು ಹಾನಿಯಾದದ್ದು 'ಎ' ವರ್ಗ. ಅದಕ್ಕೆ 5 ಲಕ್ಷ ರೂಪಾಯಿ. 25 ರಿಂದ 75 ರ ವರೆಗಿನದು 'ಬಿ' ವರ್ಗ. ಕೆಡವಿ ಹೊಸದಾಗಿ ಕಟ್ಟಿದರೆ 5 ಲಕ್ಷ, ದುರಸ್ತಿಗೆ 3 ಲಕ್ಷ. 15 ರಿಂದ 25 ರ ವರೆಗಿನದು 'ಸಿ' ವರ್ಗ. ಅದಕ್ಕೆ 50 ಸಾವಿರ. ಈ ಹಣ ಒಮ್ಮೆಲೇ ಕೈಗೆ ಬರುತ್ತಿರಲಿಲ್ಲ. ಕೆಲಸ ಮುಂದುವರಿದಂತೆ ಪ್ರತಿ ಹಂತದ ಛಾಯಾಚಿತ್ರವನ್ನು ತೆಗೆದು ದಾಖಲಿಸಿದ ಮೇಲೆ ರಾಜೀವ್ ಗಾಂಧಿ ಗ್ರಾಮೀಣ ವಸತಿ ನಿಗಮದ ಮೂಲಕ ಬ್ಯಾಂಕಿನ ಖಾತೆಗೆ ಕಂತುಕಂತಾಗಿ ಜಮೆಯಾಗುತ್ತಿತ್ತು. ಮೊದಲ ಕಂತನ್ನು ಮನೆಯ ಖರ್ಚಿಗೆ ಬಳಸಿದವರ ಮುಂದಿನ ಕಂತು ನಿಂತುಹೋಗುತ್ತಿದ್ದದ್ದು ಇದರಿಂದಲೇ.

ರಾಜ್ಯದ ಈ ವಿಶೇಷ ಆಜ್ಞೆ ಆ ವರ್ಷದ್ದು. ಇದರ ಹಿಂದೆ ಕೇಂದ್ರ ಸರಕಾರದ ವಿಪತ್ತು ಪರಿಹಾರದ ಮಾನದಂಡಗಳಿವೆ. 2022-23 ರಿಂದ 2025-26 ರ ವರೆಗಿನ ಅವಧಿಗೆ, ಬಯಲುಸೀಮೆಯಲ್ಲಿ ಪೂರ್ಣ ಬಿದ್ದ ಮನೆಗೆ 1,20,000 ರೂಪಾಯಿ ಗೊತ್ತುಪಡಿಸಲಾಯಿತು. ಆ ವಿಪತ್ತುಗಳ ಪಟ್ಟಿಯಲ್ಲಿ ನೆರೆಯಂತೆ ಬೆಂಕಿಯೂ ಸೇರಿದೆ. ಆದರೆ ಬಿದ್ದ ಮನೆಯು ಅಧಿಕೃತವಾದದ್ದೆಂದು ಅಧಿಕಾರಿಗಳು ದೃಢೀಕರಿಸಬೇಕೆಂಬ ನಿಯಮವೂ ಅದರಲ್ಲಿದೆ. ಬಡವನ ಕಾಲು ತೊಡರುವದು ಇಲ್ಲಿಯೇ.

ಹಳ್ಳಿಯಲ್ಲಿ ಮನೆಯ ಒಡೆತನಕ್ಕೆ ಆಧಾರ ಗ್ರಾಮ ಪಂಚಾಯತಿಯ ಉತಾರ. ಈಗ ಅದು ಇ-ಸ್ವತ್ತು ವ್ಯವಸ್ಥೆಯಲ್ಲಿ ದೊರೆಯುತ್ತದೆ. ನಮ್ಮ ಮನೆತನದಲ್ಲಿ ಈ ಕಾಗದವನ್ನು ಓದಿ ಅರ್ಥಮಾಡಿಕೊಂಡ ಮೊದಲನೆಯವನು ನಾನು. ಅಜ್ಜ ತೀರಿಕೊಂಡು ಹದಿನಾಲ್ಕು ವರ್ಷಗಳಾಗಿದ್ದರೂ ಅದರಲ್ಲಿ ಅವರದೇ ಹೆಸರು ಇತ್ತು! ವಾರಸಾ ಮಾಡಿಸದ ಇಂಥ ಮನೆಗಳು ಪ್ರತಿ ಓಣಿಯಲ್ಲಿಯೂ ಇವೆ. ಒಂದೇ ಸೂರಿನಡಿ ಮೂವರು ಅಣ್ಣತಮ್ಮಂದಿರು ಮೂರು ಒಲೆ ಹೂಡಿರುತ್ತಾರೆ. ಉತಾರದಲ್ಲಿ ಇರುವದು ಒಂದೇ ಮನೆ. ಪರಿಹಾರ ಬರುವದು ಮನೆಗೆ, ಒಲೆಗಲ್ಲ. ಅಲ್ಲಿಂದ ಜಗಳ ಹುಟ್ಟುವದು. ನೀರು ಉಳಿಸಿದ ಸಂಬಂಧವನ್ನು ಕಾಗದ ಕೆಡಿಸುವದು!

ದಾಖಲೆಯ ಬೆಲೆಯನ್ನು ಈ ಊರಿನ ಪೂರ್ವಜರು ಚೆನ್ನಾಗಿ ಬಲ್ಲವರು. ಕೊಣ್ಣೂರಿನಲ್ಲಿ ದೊರೆತ ಶಾಸನವು ಶಕ 782, ಅಂದರೆ ಕ್ರಿ.ಶ. 860 ರ ಅಮೋಘವರ್ಷನ ಕಾಲದ ದಾನವೊಂದನ್ನು ಹೇಳುತ್ತದೆ. ತಾಮ್ರಪಟದಲ್ಲಿದ್ದ ಒಕ್ಕಣೆಯನ್ನು ಮುಂದೆ ಎಷ್ಟೋ ಕಾಲದ ಮೇಲೆ ಕಲ್ಲಿಗೆ ಇಳಿಸಿದರಂತೆ. ದೇವಾಲಯದ ಭೂಮಿಗೆ ಅಷ್ಟು ಗಟ್ಟಿಯಾದ ಉತಾರ ದೊರಕಿತು. ಒಕ್ಕಲಿಗನ ಮನೆಗೆ ಮಾತ್ರ ದೊರಕಲಿಲ್ಲ.

ಇನ್ನು ಕಟ್ಟುವ ಅನುಮತಿಯ ಮಾತು. 1993 ರ ಪಂಚಾಯತ್ ರಾಜ್ ಅಧಿನಿಯಮದ 64 ನೆಯ ಪ್ರಕರಣದಂತೆ ಹಳ್ಳಿಯಲ್ಲಿ ಮನೆ ಕಟ್ಟಲು ಗ್ರಾಮ ಪಂಚಾಯತಿಯ ಲಿಖಿತ ಪರವಾನಿಗೆ ಬೇಕು. ಹೊಳೆಯ ಸಹವಾಸವೇ ಬೇಡವೆಂದು ಎತ್ತರದ ತನ್ನ ಹೊಲದಲ್ಲಿ ಮನೆ ಕಟ್ಟಹೊರಟವನಿಗೆ 1964 ರ ಭೂಕಂದಾಯ ಅಧಿನಿಯಮದ 95 ನೆಯ ಪ್ರಕರಣ ಅಡ್ಡ ಬರುವದು. ಸಾಗುವಳಿಗೆ ಬೇಕಾದ ತೋಟದ ಮನೆಯನ್ನು ಬಿಟ್ಟರೆ ಉಳಿದುದಕ್ಕೆ ಬಿನ್‌ಶೇತಕಿ ಮಾಡಿಸಲೇಬೇಕು. ಕಾಯದೆಯ ಹೊರಗೆ ಎರೆನೆಲಕ್ಕೂ ತನ್ನದೇ ನಿಯಮವಿದೆ. ಎರೆಮಣ್ಣು ಮಳೆಗೆ ಉಬ್ಬುವದು, ಬೇಸಿಗೆಗೆ ಬಿರಿಯುವದು. ಗಟ್ಟಿಯಾದ ಗರಸು ಸಿಗುವವರೆಗೆ ಬುನಾದಿ ಅಗೆಯದಿದ್ದರೆ ಹೊಸ ಗೋಡೆಯೂ ಸೀಳುವದು.

ಸಿರಿವಂತ ದೇಶಗಳಲ್ಲಿ ಇದೆಲ್ಲ ಸುಲಭವೆಂದು ಭಾವಿಸಲಾಗದು. 2025 ರ ಜನವರಿಯಲ್ಲಿ ಅಮೇರಿಕೆಯ ಲಾಸ್ ಏಂಜಲೀಸ್ ಪ್ರದೇಶದಲ್ಲಿ ಕಾಳ್ಗಿಚ್ಚಿಗೆ ಸಾವಿರಾರು ಮನೆಗಳು ಸುಟ್ಟವು. ವಿಷಪದಾರ್ಥ ಬೆರೆತ ಬೂದಿಯನ್ನು ತೆಗೆಸದೆ ಅಲ್ಲಿ ಕಟ್ಟುವಂತಿರಲಿಲ್ಲ. ಪುನಃ ಕಟ್ಟುವವರಿಗಾಗಿ ಗವರ್ನರರು ಕೆಲವು ಪರಿಸರ ಪರವಾನಿಗೆಗಳನ್ನು ಸಡಿಲಿಸಿದರು. ಆದರೆ ಹೊಸ ಮನೆಯು ಹಳೆಯದರ ಅಳತೆಯ ಶೇಕಡಾ 110 ನ್ನು ಮೀರಬಾರದೆಂದರು. ಅಲ್ಲಿಯೂ ಮೊದಲಿನ ಪ್ರಶ್ನೆ, ಹಳೆಯ ಮನೆ ಎಷ್ಟಿತ್ತು ಎಂಬುದೇ. ಅದಕ್ಕೆ ಉತ್ತರವನ್ನು ಹೇಳುವದು ಕಾಗದವೇ.

ಹಾಗಾದರೆ ನಮ್ಮ ಕರ್ತವ್ಯವೇನು? ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡಬಾರದು. 2020 ರಲ್ಲಿ ಆರಂಭವಾದ ಸ್ವಾಮಿತ್ವ ಯೋಜನೆಯಲ್ಲಿ ಡ್ರೋನಿನಿಂದ ಊರೊಳಗಿನ ಮನೆಜಾಗಗಳನ್ನು ಅಳೆದು ಆಸ್ತಿಪತ್ರ ಕೊಡುವ ಕಾರ್ಯ ನಡೆಯಿತು. ಅಂಥ ಪತ್ರದಲ್ಲಿ ಹೆಸರು ಮತ್ತು ಅಳತೆ ಸರಿಯಿವೆಯೇ ಎಂದು ನೋಡಿಕೊಳ್ಳಬೇಕಾದವರು ನಾವೇ. ಪ್ರತಿಯೊಬ್ಬ ವಿದ್ಯಾರ್ಥಿಯೂ ಬೇಸಿಗೆಯ ರಜೆಯಲ್ಲಿ ತನ್ನ ಮನೆಯ ಉತಾರವನ್ನು ಓದಲಿ. ವಾರಸಾ ಉಳಿದಿದ್ದರೆ ಅರ್ಜಿ ಕೊಡಿಸಲಿ. ಮನೆಯ ನಾಲ್ಕೂ ಗೋಡೆಗಳ ಛಾಯಾಚಿತ್ರ ತೆಗೆದು ಇಡಲಿ. ತರುವಾಯ ನೆರೆಮನೆಯ ಅಜ್ಜಿಯ ಕಾಗದಗಳನ್ನೂ ಓದಿ ಹೇಳಲಿ. ರಾಷ್ಟ್ರೀಯ ಸೇವಾ ಯೋಜನೆಯ ಶಿಬಿರಗಳಲ್ಲಿ ಗಿಡ ನೆಡುವದರ ಜೊತೆಗೆ ಈ ಕೆಲಸವನ್ನೂ ಒಂದು ದಿನ ಇಟ್ಟುಕೊಳ್ಳಬಹುದೆಂದು ಗುರುಗಳಲ್ಲಿ ವಿನಂತಿ. ಹೊಳೆ ಮತ್ತೆ ಬಂದೇ ಬರುವದು. ಅಷ್ಟರಲ್ಲಿ ಪ್ರತಿ ಮನೆಯ ಉತಾರದಲ್ಲಿಯೂ ಬದುಕಿರುವವರ ಹೆಸರು ಇರಲಿ.