ಕೂಲಿ ಮಾಡುವ ಕೈಗೂ ಹಕ್ಕಿದೆ

ಮೆಣಸಿನಕಾಯಿ ಬಿಡಿಸುವ ಕಾಲದಲ್ಲಿ ಕುರುಗೋಡು ಕಡೆಯ ತಾಯಿಯೊಬ್ಬರು ನನ್ನ ಬಳ್ಳಾರಿಯ ದವಾಖಾನೆಗೆ ಬಂದಿದ್ದರು. "ಹಕೀಮ್ ಸಾಬ್, ಸಜ್ದಾದಾಗ ಕೈ ಊರಾಕ ಆಗವಲ್ದು" ಎಂದರು. ಬಲಗೈ ಹೆಬ್ಬೆರಳಿನ ಬುಡ ಊದಿತ್ತು. ಕೆಲವು ದಿನ ಕೈಗೆ ವಿಶ್ರಾಂತಿ ಕೊಡಿ ಎಂದೆ. "ಕೈ ನಿಂತ್ರೆ ಒಲಿ ಹೆಂಗ ಉರೀಬೇಕು?" ಎಂದು ಕೇಳಿದರು. ದಿನಗೂಲಿಯ ಮನೆಗಳಿಗೆ ಸಲಹೆ ಕೊಡುವಾಗ ಈ ಪ್ರಶ್ನೆಯನ್ನು ಮರೆಯುವಂತಿಲ್ಲ.

ಈ ನೋವು ಬರುವುದೇಕೆ? ನಮ್ಮ ಬೆರಳುಗಳನ್ನು ಎಳೆಯುವ ನರದಂಥ ಹುರಿಗಳು ಸೈಕಲ್ ಬ್ರೇಕಿನ ತಂತಿಯಂತೆ ಒಂದು ಕೊಳವೆಯೊಳಗೆ ಜಾರುತ್ತವೆ. ಒಂದೇ ಚಲನೆ ದಿನಕ್ಕೆ ಸಾವಿರಾರು ಸಲ ಆದರೆ ಅಲ್ಲಿ ಉಜ್ಜಾಟವಾಗಿ ಊತ ಬರುತ್ತದೆ. ಸಿರುಗುಪ್ಪದ ಗದ್ದೆಗಳಲ್ಲಿ ಬಾಗಿ ನಾಟಿ ಹಚ್ಚುವವರಿಗೆ ಸೊಂಟ, ಕುಡುಗೋಲು ಹಿಡಿಯುವವರಿಗೆ ಮಣಿಕಟ್ಟು, ಭತ್ತದ ಮೂಟೆ ಹೊರುವ ಹಮಾಲರಿಗೆ ಕುತ್ತಿಗೆ ಮತ್ತು ಬೆನ್ನು ಹೀಗೆಯೇ ಸೋಲುತ್ತವೆ. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ 1967ರಲ್ಲೇ ಗಂಡಾಳು ಹೊರುವ ಭಾರ 55 ಕಿಲೋ ಮೀರಬಾರದೆಂದು ಶಿಫಾರಸು ಮಾಡಿದೆ. ನಮ್ಮ ಕಡೆಯ ಭತ್ತದ ಮೂಟೆ 75 ಕಿಲೋ ತೂಗುತ್ತದೆ!

ಇಬ್ನ್ ಸೀನಾ ತಮ್ಮ 'ಅಲ್ ಕಾನೂನ್' ಗ್ರಂಥದಲ್ಲಿ ಶ್ರಮದ ದಣಿವನ್ನು ವಿಂಗಡಿಸಿದ್ದಾರೆ. ಮೈ ಬಿಗಿದಂತಾಗುವ ದಣಿವು ಬೇರೆ, ಬಿಸಿಯಾಗಿ ಊದಿಕೊಳ್ಳುವ ದಣಿವು ಬೇರೆ. ಆರೈಕೆಯೂ ಬೇರೆ ಬೇರೆ.

ಬಿಗಿತವಿದ್ದರೆ ಉಪ್ಪು ಅಥವಾ ತೌಡನ್ನು ಬಿಸಿ ಮಾಡಿ ಬಟ್ಟೆಯಲ್ಲಿ ಗಂಟು ಕಟ್ಟಿ, ಮೈ ಸುಡದಂತೆ ಹತ್ತು ನಿಮಿಷ ಶಾಖ ಕೊಡಿ. ಬಳಿಕ ರೋಗನ್ ಬಾಬೂನ ಸವರಿ ಮೆಲ್ಲಗೆ ನೀವಿರಿ. ಹೊಸ ಊತ ಬಿಸಿಯಾಗಿದ್ದರೆ ಶಾಖವೂ ಬೇಡ, ತಿಕ್ಕುವುದೂ ಬೇಡ. ತಣ್ಣೀರಿನ ಬಟ್ಟೆ ಸುತ್ತಿ ಕೈಗೆ ಬಿಡುವು ಕೊಡಿ.

ಕೆಲಸ ಬಿಡದೆ ಮಾಡಬಹುದಾದದ್ದೂ ಇದೆ. ಅರ್ಧ ಗಂಟೆಗೊಮ್ಮೆ ಎರಡು ನಿಮಿಷ ನಿಂತು ಬೆನ್ನು ನೆಟ್ಟಗೆ ಮಾಡಿ, ಬೆರಳು ಬಿಚ್ಚಿ ಮುಚ್ಚಿ. ಕುಡುಗೋಲಿನ ಹಿಡಿಗೆ ಬಟ್ಟೆ ಸುತ್ತಿ ದಪ್ಪ ಮಾಡಿದರೆ ಬಿಗಿಯಾಗಿ ಹಿಡಿಯಬೇಕಿಲ್ಲ. ಮೂಟೆಯನ್ನು ಇಬ್ಬರು ಎತ್ತಿ, ಮೊಣಕಾಲು ಬಾಗಿಸಿ ಮೈಗೆ ಒತ್ತಿಕೊಳ್ಳಿ. ಹೊತ್ತುಕೊಂಡು ಸೊಂಟ ತಿರುಚಬೇಡಿ. ಗುಂಪಿನಲ್ಲಿ ಕೆಲಸ ಬದಲಿಸಿಕೊಳ್ಳಿ. ಆ ತಾಯಿ ಎರಡು ವಾರ ಕಾಯಿ ಬಿಡಿಸುವುದನ್ನು ಜೊತೆಯವರಿಗೆ ಬಿಟ್ಟು, ಕಣದಲ್ಲಿ ಕಾಯಿ ಹರವುವ ಕೆಲಸ ಹಿಡಿದರು. ಕೂಲಿ ತುಸು ಕಡಿಮೆಯಾಯಿತು, ಆದರೆ ನಿಲ್ಲಲಿಲ್ಲ. ಊತವೂ ಇಳಿಯಿತು.

ಅಂಗಡಿಯಲ್ಲಿ ಸಿಗುವ ನೋವಿನ ಮಾತ್ರೆಯನ್ನು ದಿನವೂ ನುಂಗಿ ಬಿಸಿಲಿಗೆ ಇಳಿಯಬೇಡಿ. ನೀರು ಕಡಿಮೆ ಕುಡಿಯುವ ಮೈಯಲ್ಲಿ ಅದು ಹೊಟ್ಟೆ, ಮೂತ್ರಪಿಂಡ ಎರಡನ್ನೂ ಕೆಡಿಸುತ್ತದೆ. ಯುನಾನಿಯ ಸೂರಂಜಾನ್ ಕೂಡ ವೈದ್ಯರು ಹೇಳಿದ ಅಳತೆಯಲ್ಲೇ ಇರಲಿ.

ರಾತ್ರಿ ಬೆರಳು ಜೋಮು ಹಿಡಿದು ಎಚ್ಚರವಾಗುವುದು, ಕೈಯಿಂದ ಲೋಟ ಜಾರುವುದು, ಎರಡು ವಾರವಾದರೂ ಇಳಿಯದ ನೋವು ಕಂಡರೆ ತಡಮಾಡದೆ ಆಸ್ಪತ್ರೆಗೆ ತೋರಿಸಿ. ಬೆನ್ನುನೋವಿನ ಜೊತೆ ಕಾಲಿನ ಶಕ್ತಿ ಕುಂದಿದರೆ ಅಥವಾ ಮೂತ್ರ ಕಟ್ಟಿದರೆ ಅದೇ ದಿನ ಹೊರಡಿ.

ಸಜ್ದಾ ಮಾಡಲಾಗದಷ್ಟು ನೋವಿದ್ದರೆ ಕುಳಿತು ಸನ್ನೆಯಿಂದ ನಮಾಝ್ ಮಾಡಲು ದೀನ್ ಅವಕಾಶ ಕೊಟ್ಟಿದೆ. ಅಲ್ಲಾಹನೇ ಇಷ್ಟು ರಿಯಾಯಿತಿ ಕೊಟ್ಟ ಮೇಲೆ, ದುಡಿದು ದಣಿದ ಕೈಗೆ ಮನೆಯವರೂ ಸ್ವಲ್ಪ ರಿಯಾಯಿತಿ ಕೊಡಬೇಕಲ್ಲವೇ? ಹೊಲದಿಂದ ಬಂದ ಅಮ್ಮಿಯ ಕೈಯಿಂದ ನೀರಿನ ಕೊಡವನ್ನು ಇಂದೇ ಇಸಿದುಕೊಳ್ಳಿ.