ಊರಿಗೂ ನಮಗೂ 11 ಸೆಂ.ಮೀ.

ಬಿಇ ಓದುವವರಿಗೆ ಸಂಕ್ರಾಂತಿ ಮತ್ತು ಸೆಮಿಸ್ಟರ್ ಪರೀಕ್ಷೆ ಸಾಮಾನ್ಯವಾಗಿ ಒಟ್ಟಿಗೇ ಬರುತ್ತವೆ. ಮನೆಯಲ್ಲಿ ಎಳ್ಳು ಹುರಿಯುವ ಹೊತ್ತಿಗೆ ನಾವು ಹಾಸ್ಟೆಲ್‌ನಲ್ಲಿ ಹಳೇ ಪ್ರಶ್ನೆಪತ್ರಿಕೆ ಹಿಡಿದು ಕೂತಿರುತ್ತೇವೆ. ವಿಜಯಪುರದಿಂದ ಬೆಂಗಳೂರಿಗೆ ಬಂದ ಮೇಲೆ ನಾನು ಸಿದ್ಧೇಶ್ವರ ಜಾತ್ರೆ ನೋಡಿರುವುದು ವಾಟ್ಸ್‌ಆ್ಯಪ್ ಸ್ಟೇಟಸ್‌ನಲ್ಲಿ ಮಾತ್ರ.

ಅದಕ್ಕೇ ಕಳೆದ ಡಿಸೆಂಬರ್ 21ರ ಭಾನುವಾರವೇ ಹಬ್ಬ ಮಾಡಿಬಿಡೋಣ ಎಂದೆ. ವರ್ಷದ ಅತಿ ದೀರ್ಘ ರಾತ್ರಿ ಕಳೆದು, ಸೂರ್ಯ ನಿಜವಾಗಿ ಉತ್ತರಕ್ಕೆ ತಿರುಗುವುದು ಆಗಲೇ. 'ಸಂಕ್ರಾಂತಿ ಇಲ್ದೆ ಎಳ್ಳು-ಬೆಲ್ಲನಾ ಮಗಾ?' ಎಂದ ಮಂಡ್ಯದ ರೂಮ್‌ಮೇಟ್. ಸುಮಾರು 1700 ವರ್ಷಗಳ ಹಿಂದೆ ಎರಡೂ ಒಂದೇ ದಿನ ಬರುತ್ತಿದ್ದವು. ಭೂಮಿಯ ಅಕ್ಷ ಬುಗುರಿಯಂತೆ ನಿಧಾನವಾಗಿ ಓಲಾಡುವುದರಿಂದ ಸುಮಾರು 72 ವರ್ಷಕ್ಕೊಂದು ದಿನದಂತೆ ಅಂತರ ಬೆಳೆದು ಈಗ ಮೂರು ವಾರ ದಾಟಿದೆ. ಇದನ್ನು ವಿವರಿಸಿದ ಮೇಲೆ ಅವನೇ ಎಳ್ಳು, ಬೆಲ್ಲ, ಹುರಿಗಡಲೆ ತರಲು ಹೊರಟ. ಡ್ರಾಯಿಂಗ್ ಬೋರ್ಡ್ ಮೇಲೆ ಪೇಪರ್ ಹಾಸಿ ಕೊಬ್ಬರಿ ಹೆಚ್ಚಿದೆವು. ಅವ್ವ ಬಸ್ಸಿಗೆ ಹಾಕಿದ್ದ ಕಟಕ್ ರೊಟ್ಟಿ, ಶೇಂಗಾ ಹಿಂಡಿಯ ಗಂಟು ಹಿಂದಿನ ದಿನವೇ ಬಂದಿತ್ತು.

ಅಂದು ಮಧ್ಯಾಹ್ನ ಇನ್ನೊಂದು ಕೆಲಸವಿತ್ತು. ಒಂದು ಮೀಟರ್ ಉದ್ದದ ಕೋಲನ್ನು ಟೆರೇಸ್ ಮೇಲೆ ನೆಟ್ಟಗೆ ನಿಲ್ಲಿಸಿದೆವು. ಬೆಂಗಳೂರಿನಲ್ಲಿ ಅಂದು ಸೂರ್ಯ ಅತಿ ಎತ್ತರಕ್ಕೆ ಬರುವುದು 12:18ರ ಸುಮಾರಿಗೆ. ನೆರಳು 74 ಸೆಂ.ಮೀ. ಬಂತು. ಅಷ್ಟೇ ಉದ್ದದ ಕೋಲು ಹಿಡಿದು ಅಂಗಳದಲ್ಲಿ ನಿಲ್ಲಲು ಅವ್ವನಿಗೂ ಹೇಳಿದ್ದೆ. ಅಲ್ಲಿ 85. ಊರು ಉತ್ತರಕ್ಕೆ ಹೋದಷ್ಟೂ ಚಳಿಗಾಲದ ಸೂರ್ಯ ತಗ್ಗಿ, ನೆರಳು ಉದ್ದವಾಗುತ್ತದೆ. ಒಂದು ರಾತ್ರಿಯಿಡೀ ಬಸ್ಸಿನಲ್ಲಿ ಕೂರುವ ದೂರ ಕೋಲಿನ ಲೆಕ್ಕದಲ್ಲಿ ಬರೀ 11 ಸೆಂ.ಮೀ.! 'ಇದಕ್ಕ ಎಷ್ಟ ಮಾರ್ಕ್ಸ್ ಅದಾವೋ ತಮ್ಮಾ?' ಎಂದು ಕೇಳಿದಳು ಅವ್ವ.

ಪಕ್ಕದ ರೂಮಿನಲ್ಲಿ ಬೀದರ್ ಕಡೆಯ ಫಸ್ಟ್ ಇಯರ್ ಹುಡುಗನಿದ್ದ. ಇಂಟರ್ನಲ್ಸ್‌ನಲ್ಲಿ ಅಂಕ ಕಡಿಮೆ ಬಂದಾಗಿನಿಂದ ಮೆಸ್ಸಿಗೂ ಸರಿಯಾಗಿ ಬರುತ್ತಿರಲಿಲ್ಲ. ಓದು ಬಿಟ್ಟು ಹೊಲಕ್ಕೆ ಹೋಗುತ್ತೇನೆ ಎನ್ನುತ್ತಿದ್ದ. ನಮ್ಮ ಗದ್ದಲ ಕೇಳಿ ಟೆರೇಸಿಗೆ ಬಂದವನು ತಾನೂ ಹೊಲದಲ್ಲಿದ್ದ ಅಪ್ಪನಿಗೆ ಫೋನ್ ಹಚ್ಚಿದ. ಆಮೇಲೆ 'ನಮ್ದು 88 ಅದ ಅಣ್ಣಾ, ನಿಮ್ಗಿಂತ ನಾವೇ ದೂರ' ಎಂದು ಗೆದ್ದವನಂತೆ ನಕ್ಕ. ಅವನಿಗೆ ಬೇಕಿದ್ದುದು ಬುದ್ಧಿಮಾತಲ್ಲ, ಊರಿನ ಮಾತೆತ್ತಲು ಒಂದು ನೆಪ ಎಂದು ನನಗೆ ಹೊಳೆದದ್ದು ಆಗ.

ರಾತ್ರಿ 8:33. ಸೂರ್ಯ ದಕ್ಷಿಣದ ತುದಿ ಮುಟ್ಟಿ ತಿರುಗುವ ಗಳಿಗೆ. ಆಕಾಶದಲ್ಲಿ ಕಾಣುವಂಥದ್ದು ಏನೂ ಇರಲಿಲ್ಲ. ಆದರೂ ಒಂಬತ್ತು ಜನ ಟೆರೇಸಿನಲ್ಲಿ ನಿಂತು ಕೌಂಟ್‌ಡೌನ್ ಮಾಡಿ ಎಳ್ಳು-ಬೆಲ್ಲ ಹಂಚಿಕೊಂಡೆವು. ಬೀದರ್ ಹುಡುಗ ಒಬ್ಬನೇ ನಾಲ್ಕು ರೊಟ್ಟಿ ಮುಗಿಸಿದ. ಕೋಲೊಂದು ಅವನ ಚಿಂತೆ ಕಳೆಯಿತು ಎನ್ನಲಾರೆ. ಆದರೆ ಮರುದಿನದಿಂದ ನಮ್ಮ ರೂಮಿನಲ್ಲೇ ಕೂತು ಗಣಿತ ಬಿಡಿಸತೊಡಗಿದ, ಜನವರಿಯಲ್ಲಿ ಪರೀಕ್ಷೆಗೂ ಕೂತ.

ಸುಮಾರು 1700 ವರ್ಷಗಳಲ್ಲಿ ಸೂರ್ಯ ತಿರುಗುವ ದಿನದಿಂದ ಇಷ್ಟು ದೂರ ಸರಿದರೂ ಸಂಕ್ರಾಂತಿ ಹಬ್ಬವಾಗಿಯೇ ಉಳಿದಿದೆ. ಮನೆಯಿಂದ ಹಾಸ್ಟೆಲ್‌ಗೆ, ಪಿಜಿಗೆ, ಕೋಚಿಂಗ್ ಸೆಂಟರ್ ಪಕ್ಕದ ಬಾಡಿಗೆ ರೂಮಿಗೆ ಸರಿದರೆ ಅದೇನೂ ಕೆಡುವುದಿಲ್ಲ. ಹಂಚಿಕೊಳ್ಳಲು ನಾಲ್ಕು ಜನ ಇದ್ದರೆ ಸಾಕು. 2026ರಲ್ಲಿ ಸೂರ್ಯ ತಿರುಗುವುದು ಡಿಸೆಂಬರ್ 22ರ ನಸುಕಿನ 2:20ರ ಸುಮಾರಿಗೆ. ಅಲಾರಾಂ ಬೇಕಿಲ್ಲ, ಪರೀಕ್ಷೆ ಹತ್ತಿರವಿರುವಾಗ ಆ ಹೊತ್ತಿಗೆ ನಮ್ಮಲ್ಲಿ ಯಾರು ಮಲಗಿರುತ್ತಾರೆ ಹೇಳಿ?